ಚಂಚಿಯೊಳಗಿನ ಕೆಂಪು ಗುಳಿಗೆ

ಉಡಚವ್ವ ಮಗ್ಗದ ಗೂಟದಿಂದ ಗಂಡನ ಚಂಚಿಯನ್ನು ಸೆಳೆದುಕೊಂಡಳು. ಅಂಗಳದಲ್ಲಿ ಆ ಗಂಡ ಹೊಳೆಯಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಎಲೆಯಡಿಕೆಯ ಆ ಬಟ್ಟೆಚೀಲ ಅವನ ಜೊತೆಗೇ ಮಣ್ಣಿಗೆ ಹೋಗಬೇಕು. ಅದಕ್ಕೂ ಮೊದಲು ಹೊಸ ಎಲೆ ತುಂಬಬೇಕು.

"ಯಕ್ಕಾ, ಅದರಾಗ ಗುಳಿಗಿ ಇದ್ರ ನನಗೆರಡು ತಗದಿಡು," ಪಕ್ಕದ ಮನೆಯ ತಿಪ್ಪವ್ವ ಕಿವಿಯಲ್ಲಿ ಉಸುರಿದಳು. "ನನ್ನ ಕಾಲ ಹುಣ್ಣು ಮಾಯಾಕ ಒಲ್ಲದು. ಅಣ್ಣನ ಕೈಗುಣ ಭಾಳ ಚಲೋ ಇತ್ತು."

ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಗುಳಿಗೆಯನ್ನು ಪೂರ್ತಿ ನುಂಗಿದವರೇ ಇಲ್ಲ. ಜ್ವರ ಇಳಿಯಿತೋ, ಉಳಿದದ್ದು ಹೊಳೆಯಪ್ಪನ ಚಂಚಿಗೆ. ಇನ್ನೊಬ್ಬರಿಗೆ ಬೇನೆ ಬಂದರೆ ಅಲ್ಲಿಂದಲೇ ಔಷಧ.

"ಹೊಂಟ ಮನಷ್ಯಾನ ಹಂತೇಕೂ ಬೇಡತೀಯಲ್ಲಲೇ! ಯಮನ ಕೋಣಕ್ಕರ ಒಂದು ಉಳಸು," ಎನ್ನುತ್ತ ಉಡಚವ್ವ ಚಂಚಿಯ ಒಳಗಿನ ಅರೆಗೆ ಬೆರಳು ಹಾಕಿದಳು. ಅಡಿಕೆ ಹೋಳುಗಳ ನಡುವೆ ಕೆಂಪು ಗುಳಿಗೆಗಳು. ಒಂದಲ್ಲ, ಎರಡಲ್ಲ, ಹಿಡಿ ತುಂಬ. ಅವಳು ಅವನ್ನು ಎಡಗೈ ಮುಷ್ಟಿಯಲ್ಲಿ ಬಿಗಿದುಕೊಂಡಳು.

ಬಾಗಿಲಲ್ಲಿ ಮಗ ಲೋಹಿತ ಕೂಗಾಡುತ್ತಿದ್ದ. "ಆ ಡಾಕ್ಟರನ್ನ ಬಿಡೂದಿಲ್ಲ! ಮಣ್ಣು ಮುಗೀಲಿ, ಹತ್ತು ಮಂದಿ ಹೋಗಿ ದವಾಖಾನಿ ಗಾಜು ಪುಡಿ ಮಾಡತೇವಿ. ಅಪ್ಪನ್ನ ಆಕೀನ ಕೊಂದಾಳ."

*

ಇಪ್ಪತ್ತು ದಿನಗಳ ಹಿಂದೆ, ಮಗ್ಗದ ಮೊಳೆ ತರಚಿದ ಹೊಳೆಯಪ್ಪನ ಕಾಲಿನ ಗಾಯ ಕೀವಾಗಿ ಮೊಣಕಾಲಿಗೇರಿತ್ತು.

"ಅಜ್ಜಾರ, ಒಳಗಿನ ಹುಳ ಮೊಂಡ ಬಿದ್ದಾವ," ಎಂದಿದ್ದಳು ಡಾಕ್ಟರ್. "ಒಂದು ಔಷಧಕ್ಕ ಬಗ್ಗೂದಿಲ್ಲ. ಇಲ್ಲೇ ಇರ್ರಿ ಅಂದ್ರ ಒಲ್ಲೆ ಅಂತೀರಿ. ಮನ್ಯಾಗರ ಬಿಳೀದು, ಕೆಂಪು ಎರಡೂ ಕೂಡೇ ನುಂಗ್ರಿ. ಒಂದು ಬಿಟ್ರ ಇನ್ನೊಂದೂ ಸೋಲತೈತಿ."

ಮನೆಗೆ ಬಂದು ಉಡಚವ್ವ ಎರಡನ್ನೂ ಅವನ ಅಂಗೈಗೆ ಹಾಕಿ ನಕ್ಕಿದ್ದಳು. "ಕೂಡೇ ನುಂಗಿದ್ರ ಹೊಟ್ಟ್ಯಾಗ ಎರಡು ಹೋರಿ ಗುದ್ದಾಡತಾವ ನೋಡ್ರಿ! ಬಿಡಸಾಕ ಇಡೀ ಓಣಿ ಹಗ್ಗ ಹಿಡಕೊಂಡು ಬರಬೇಕು!"

ಹೊಳೆಯಪ್ಪ ನಗಲಿಲ್ಲ. ಅಂದಿನಿಂದ ಅವನು ಗುಳಿಗೆ ಹಿಡಿದು ಗೋಡೆಯ ಕಡೆ ಹೊರಳಿಯೇ ನೀರು ಕುಡಿಯುತ್ತಿದ್ದ.

*

ರುದ್ರಭೂಮಿಯ ದಾರಿಯುದ್ದಕ್ಕೂ ಅವಳು ಎಡಗೈ ಮುಷ್ಟಿ ಬಿಚ್ಚಲಿಲ್ಲ.

"ಸಿಕ್ಕಾವೇನ, ಯಕ್ಕಾ?" ತಿಪ್ಪವ್ವ ಮತ್ತೆ ಕೇಳಿದಳು.

"ಇವು ಒಂಟಿ ಅದಾವ, ಜೋಡಿ ಬಿಳೀದು ಇಲ್ಲ. ಯಾರಿಗೂ ಆಗಂಗಿಲ್ಲ. ನೀ ಆ ಡಾಕ್ಟರ ಹಂತೇಕನ ಹೋಗು. ಆಕಿ ಕೊಟ್ಟಷ್ಟೂ ನುಂಗು."

ಹೊಳೆಯಪ್ಪನನ್ನು ಕುಣಿಯಲ್ಲಿ ಕೂರಿಸಿ, ಚಂಚಿಯನ್ನು ಮಡಿಲಿಗಿಟ್ಟರು. ಲೋಹಿತ ಫೋನು ಕಿವಿಗಿಟ್ಟು, "ಎಲ್ಲಾರೂ ದವಾಖಾನಿ ಮುಂದ ಬಂದುಬಿಡ್ರಿ," ಎನ್ನುತ್ತಿದ್ದ.

"ಲೋಹಿತಾ, ಫೋನ್ ಇಡು. ಡಾಕ್ಟರ್ ಎರಡು ಕೊಟ್ಟಿದ್ಲು. ನಿಮ್ಮಪ್ಪ ಒಂದ ನುಂಗ್ಯಾನ."

"ಯಾಕಬೇ?"

"ಕೂಡೇ ನುಂಗಿದ್ರ ಹೊಟ್ಟ್ಯಾಗ ಗುದ್ದಾಡತಾವ ಅಂತ ನಾ ಚ್ಯಾಷ್ಟಿ ಮಾಡಿದ್ನೆಪಾ. ಅಂವ ಖರೆ ಅಂತ ತಿಳದ."

ಅವಳು ಮುಷ್ಟಿ ಬಿಚ್ಚಿದಳು. ಬೆವರಿಗೆ ಗುಳಿಗೆಗಳು ಕರಗಿ ಒಂದೇ ಮುದ್ದೆಯಾಗಿದ್ದವು. ಲೋಹಿತನ ಕೈ ಕಿವಿಯಿಂದ ಮೆಲ್ಲಗೆ ಕೆಳಗಿಳಿಯಿತು. ಫೋನಿನೊಳಗೆ ಯಾರೋ ಹಲೋ, ಹಲೋ ಎನ್ನುತ್ತಲೇ ಇದ್ದರು.

ಆ ಮುದ್ದೆಯನ್ನು ಸೆರಗಿಗೆ ಕಟ್ಟಿ, ಉಡಚವ್ವ ಅದೇ ಕೈಯಲ್ಲಿ ಮಣ್ಣು ತೆಗೆದುಕೊಂಡು ಕುಣಿಯ ಮೇಲೆ ಹಿಡಿದಳು. ಜಾಡಿಸಿದಳು. ಮತ್ತೆ ಜಾಡಿಸಿದಳು. ಅರ್ಧ ಮಣ್ಣು ಕೆಂಪಗಿನ ಅಂಗೈಗೆ ಅಂಟಿಕೊಂಡೇ ಇತ್ತು.