ಸಾಕಿದ ನಾಯಿಯ ಹಲ್ಲೂ ಹಲ್ಲೇ

ಸರ್ಕಸ್ ಡೇರೆ ಹೊಸ ಊರಿನಲ್ಲಿ ಎದ್ದ ಮರುದಿನ ಬೆಳಿಗ್ಗೆ, ತಾಲೀಮಿನ ಹೊತ್ತಿಗೆ, ಬಿಳಿ ನಾಯಿ ತನ್ನ ಯಜಮಾನಿಯ ಮುಂಗೈಯನ್ನೇ ಕಚ್ಚಿತು. ಏಳು ವರ್ಷದಿಂದ ಆಕೆಯ ಒಂದು ಚಿಟಿಕೆಗೆ ದೊಡ್ಡ ರಿಂಗಿನೊಳಗಿಂದ ಹಾರುತ್ತಿದ್ದ ನಾಯಿ ಅದು. ಮಲಗುವುದೂ ಆಕೆಯ ಮಂಚದ ಕೆಳಗೇ. ಸರ್ಕಸ್ಸಿನವರೆಲ್ಲ ಆಕೆಯನ್ನು ನಾಯಿಯಕ್ಕ ಎಂದೇ ಕರೆಯುತ್ತಿದ್ದರು.

ಗಾಯ ದೊಡ್ಡದಲ್ಲ. ಎರಡು ಹಲ್ಲಿನ ಗುರುತು, ನಾಲ್ಕು ಹನಿ ರಕ್ತ. ಅಕ್ಕ ಅದಕ್ಕೆ ಮೆಣಸಿನ ಪುಡಿ ಮೆತ್ತಲು ಹೊರಟಳು.

ಜೋಕರ್ ಓಡಿಬಂದು ತಡೆದ. "ಅದೆಲ್ಲ ಹಚ್ಬೇಡ ಅಕ್ಕಾ. ಮೊದಲು ಸೋಪು ಹಾಕಿ ತೊಳಿ. ಆಮೇಲೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೋ."

ಸುತ್ತ ನಿಂತವರು ನಕ್ಕರು. ಜೋಕರ್ ಬಾಯಿ ತೆರೆದರೆ ನಗುವುದು ಅವರಿಗೆ ರೂಢಿ.

"ನನ್ನ ಕೈತುತ್ತು ತಿಂದು ಬೆಳೆದಿದ್ದು ಕಣೋ ಇದು," ಎಂದಳು ಅಕ್ಕ. "ಹೆತ್ತ ಮಕ್ಕಳು ಕಚ್ಚಲ್ವಾ? ಅದಕ್ಕೆಲ್ಲ ಇಂಜೆಕ್ಷನ್ನಾ?"

"ಹೋದ ತಿಂಗಳು ಬೀದಿನಾಯಿ ಇದರ ಕಿವಿ ಹರಿದಿತ್ತಲ್ಲ? ನಿನ್ನೆಯಿಂದ ಇದು ಊಟ ಮುಟ್ಟಿಲ್ಲ, ಜೊಲ್ಲು ಬೇರೆ ಸುರಿಸ್ತಿದೆ. ಇದಕ್ಕೆ ಲಸಿಕೆ ಹಾಕಿಸಿದ್ದು ಯಾವಾಗ?"

ಅಕ್ಕ ಹಾಕಿಸಿರಲಿಲ್ಲ. ಇವತ್ತು ಈ ಊರು, ನಾಳೆ ಆ ಊರು ಎಂದು ದಿನ ದೂಡಿದ್ದಳು.

"ನಾಯಿ ಕಚ್ಚಿದಾಗ ನಮ್ಮಣ್ಣನೂ ಹೀಗೇ ಅಂದಿದ್ದ," ಎಂದ ಜೋಕರ್. "ಚಿಕ್ಕ ಗಾಯ ಅಂತ. ಎರಡು ತಿಂಗಳಾದ್ಮೇಲೆ ನೀರಿನ ಲೋಟ ಕಂಡ್ರೆ ಬೆಚ್ಚಿಬೀಳೋಕೆ ಶುರು ಮಾಡಿದ. ವಾರದೊಳಗೆ ಹೋಗ್ಬಿಟ್ಟ. ಕಾಯಿಲೆ ಒಂದ್ಸಲ ಕಾಣಿಸ್ಕೊಂಡ್ರೆ ಡಾಕ್ಟರ ಕೈಲೂ ಏನೂ ಆಗಲ್ಲ ಅಕ್ಕಾ. ಅದಕ್ಕೆ ಮುಂಚೇನೇ ತಡೀಬೇಕು."

ಅಕ್ಕ ನಲ್ಲಿಯ ಕೆಳಗೆ ಕೈಯೊಡ್ಡಿ ಪೂರ್ತಿ ಹದಿನೈದು ನಿಮಿಷ ಸೋಪು ಹಚ್ಚಿ ಗಾಯ ತೊಳೆದಳು. ನಾಯಿಯನ್ನು ಯಾರೂ ಮುಟ್ಟದಂತೆ ಖಾಲಿ ಬೋನಿನಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ಹೇಳಿಕಳಿಸಿದರು. ಆಸ್ಪತ್ರೆಯಲ್ಲಿ ನರ್ಸ್ ಗಾಯದ ಸುತ್ತ ಒಂದು ಮದ್ದು, ತೋಳಿಗೆ ಲಸಿಕೆ ಚುಚ್ಚಿ, ಮುಂದಿನ ತಾರೀಖುಗಳನ್ನು ಚೀಟಿಯಲ್ಲಿ ಬರೆದರು.

"ವಾರದಲ್ಲಿ ನಾವು ಡೇರೆ ಕಿತ್ಕೊಂಡು ಹೋಗ್ತೀವಲ್ಲ ಸಿಸ್ಟರ್?"

"ಯಾವ ಊರಿಗಾದ್ರೂ ಹೋಗಿ. ಅಲ್ಲಿನ ಆಸ್ಪತ್ರೇಲಿ ಈ ಚೀಟಿ ತೋರಿಸಿ, ಹಾಕ್ತಾರೆ. ಒಂದನ್ನೂ ತಪ್ಪಿಸ್ಬೇಡಿ."

ನಾಲ್ಕನೆಯ ದಿನ ನಾಯಿ ಸತ್ತಿತು. ಹುಚ್ಚುನಾಯಿ ರೋಗವೇ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಅಕ್ಕ ಅದರ ಕೊನೆಯ ದಿನವನ್ನು ಬೋನಿನಿಂದ ಮಾರುದೂರ ಕುಳಿತು, ಹೆಸರು ಕರೆಯುತ್ತಾ ಕಳೆದಿದ್ದಳು. ಒಮ್ಮೆ ಅದು ಬಾಲ ಅಲ್ಲಾಡಿಸಿತಂತೆ. ಆಗಲೂ ಜೋಕರ್ ಆಕೆಯನ್ನು ಹತ್ತಿರ ಹೋಗಗೊಡಲಿಲ್ಲ.

ಉಳಿದ ಇಂಜೆಕ್ಷನ್‌ಗಳನ್ನು ಆಕೆ ದಾರಿಯ ಊರುಗಳಲ್ಲಿ ಹಾಕಿಸಿಕೊಂಡಳು. ಸರ್ಕಸ್ಸಿನ ಮಿಕ್ಕ ಐದು ನಾಯಿಗಳಿಗೂ ಪಶುವೈದ್ಯರಿಂದ ಲಸಿಕೆಯಾಯಿತು. ಒಂದೊಂದರ ಕುತ್ತಿಗೆಯನ್ನೂ ಆಕೆಯೇ ಹಿಡಿದಿದ್ದಳು. ಇದಾಗಿ ಎರಡು ವರ್ಷ. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿಗೆ ಲಸಿಕೆ ಹಾಕಿಸಿ ಎಷ್ಟು ದಿನವಾಯಿತು? ವರ್ಷ ಕಳೆದಿದ್ದರೆ ನಾಳೆಯೇ ಕರೆದುಕೊಂಡು ಹೋಗಿ. ಮನೆಯದಾಗಲಿ, ಬೀದಿಯದಾಗಲಿ, ನಾಯಿ ಕಚ್ಚಿದರೆ, ಪರಚಿದರೆ ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೊರಡಿ. ಹೇಳಿದಷ್ಟೂ ಇಂಜೆಕ್ಷನ್ ಹಾಕಿಸಿಕೊಳ್ಳಿ. ನೋಡೋಣ ಎಂದು ಕಾದು ಕೂರಬೇಡಿ. ಈ ರೋಗ ಎರಡನೇ ಅವಕಾಶ ಕೊಡುವುದಿಲ್ಲ.