ಬಾನೆಟ್ಟಿನ ಮೇಲಿನ ಅರಿಷಿಣ

ಕಾರಿನ ಮೈಗೆಲ್ಲ ಬಣ್ಣದ ಪ್ಲಾಸ್ಟಿಕ್ ಫಿಲ್ಮ್ ಹಚ್ಚಿಸಿಕೊಳ್ಳುವವರಿಗೆ ನಾನು ಒಂದೇ ಮಾತನ್ನು ಮೂರು ಸಲ ಹೇಳುತ್ತೇನೆ: ಒಂದು ವಾರ ತೊಳೆಯಬೇಡಿ, ಏನನ್ನೂ ಬಳಿಯಬೇಡಿ. ಅಂಚುಗಳು ಹಿಡಿದುಕೊಳ್ಳಲು ಅಷ್ಟು ದಿನ ಬೇಕು. ಯಲವಿಗಿಯ ಪರಮೇಶಪ್ಪನವರಿಗೂ ಹೇಳಿದ್ದೆ. ಅವರ ತಾಯಿ ಸುಶೀಲವ್ವನಿಗೆ ಹೇಳಿರಲಿಲ್ಲ.

ಸವಣೂರಿನಲ್ಲಿ ಶೆಡ್ ತೆರೆದ ಮೇಲೆ ಪೂರ್ತಿ ಕಾರೊಂದು ಸಿಕ್ಕಿದ್ದು ಅದೇ ಮೊದಲು. ಅದುವರೆಗೆ ಬೈಕಿನ ಟ್ಯಾಂಕು, ಟಂಟಂ ಆಟೋದ ಬಾಗಿಲು, ಇಷ್ಟೇ. ಹೊಳಪಿಲ್ಲದ ಬಿಳಿ ಫಿಲ್ಮ್. ಹಚ್ಚಿ ಮುಗಿಸಿದ ದಿನವೇ ಸಂಜೆ ಐದಕ್ಕೆ ಕಾರು ಹಿರೇಕೆರೂರಿಗೆ ಹೊರಡಬೇಕಿತ್ತು. ಪರಮೇಶಪ್ಪನವರ ಮಗ ಬಸವೇಶನಿಗೆ ಅಲ್ಲಿ ಹೆಣ್ಣು ನಿಶ್ಚಯ. ಕೆಲಸ ಚೆನ್ನಾಗಿದ್ದರೂ, ಕೆಟ್ಟಿದ್ದರೂ ನಾಲ್ಕು ಊರಿನವರು ನೋಡುವವರಿದ್ದರು. ಬೆಳಿಗ್ಗೆಯಿಂದ ನಾನು ಒಂದು ಕಡೆ ಕುಳಿತಿರಲಿಲ್ಲ. ಒತ್ತಿದ ಅಂಚನ್ನೇ ಮತ್ತೆ ಒತ್ತುತ್ತಿದ್ದೆ.

"ಮಲ್ಲಿಕಕ್ಕಾ, ಇನ್ನೊಂದ ಸಲ ಮುಟ್ಟಿದ್ರ ಅದಕ್ಕ ನಾಚಿಕಿ ಬರ್ತೈತಿ," ಎಂದ ಮುನಾಫ. ಹುಬ್ಬಳ್ಳಿಯಲ್ಲಿ ನನ್ನೊಡನೆ ಕೆಲಸ ಕಲಿತವನು, ಈಗ ಶೆಡ್ಡಿನ ಪಾಲುದಾರ.

ಹನ್ನೊಂದಕ್ಕೆ ಸುಶೀಲವ್ವ ಬಂದರು. ಮೊಮ್ಮಗನ ನಿಶ್ಚಯಕ್ಕೆ ಹೋಗುವ ಕಾರು ನೋಡುವ ಆಸೆ. ಮುನಾಫ ಚಹಾ ತರಲು ಹೋದ. ನಾನು ಒಳಗೆ ಬ್ಲೇಡು ಎತ್ತಿಡಲು ಹೋದೆ. ಹೊರಗೆ ಬಂದಾಗ ಚಕ್ರದ ಕೆಳಗೆ ಲಿಂಬೆಹಣ್ಣಿತ್ತು. ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ, ಅದರ ಕೆಳಗೆ ಅಂಗೈಯಗಲ ಒದ್ದೆ ಅರಿಷಿಣ. ಸುಶೀಲವ್ವ ಕುಂಕುಮದ ಡಬ್ಬಿ ತೆರೆಯುತ್ತಿದ್ದರು.

"ಅಜ್ಜಿ, ಬ್ಯಾಡ್ರಿ!"

ಹಾಗೆ ಕೂಗಬಾರದಿತ್ತು. ಗಾಬರಿಗೊಂಡ ಅವರು ಪಕ್ಕದ ಬಕೆಟ್ಟಿನ ಸಾಬೂನು ನೀರಿನಲ್ಲಿದ್ದ ಬಟ್ಟೆ ತೆಗೆದು ಒರೆಸಿಯೇಬಿಟ್ಟರು. ಹಳದಿ ಕಣ್ಣೆದುರೇ ಕೆಂಪಾಯಿತು.

"ಯವ್ವಾ, ರಗತ!" ಅವರ ಕೈಯಿಂದ ಬಟ್ಟೆ ಬಿತ್ತು. "ನಿಶ್ಚೆ ಮಾಡಾಕ ಹೊಂಟ ದಿನಾನ ಹಿಂಗ ಆತಲ್ಲ. ಇವತ್ತ ಯಾರೂ ಹೋಗೂದು ಬ್ಯಾಡ. ಪರಮೂಗ ಫೋನ ಹಚ್ಚವಾ."

ಅರಿಷಿಣಕ್ಕೆ ಸಾಬೂನು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಬಿ.ಎಸ್ಸಿ ಪ್ರಯೋಗಾಲಯದಲ್ಲಿ ಎಷ್ಟೋ ಸಲ ನೋಡಿದ್ದೆ. "ಅಜ್ಜಿ, ನಿಮ್ಮ ಎಲಿ ಸಂಚಿ ಕೊಡ್ರಿ," ಎಂದೆ. ಅದರೊಳಗಿನ ಸುಣ್ಣವನ್ನು ಅವರ ಅರಿಷಿಣದ ಅಂಗೈಗೆ ಹಚ್ಚಿ, "ತಿಕ್ರಿ," ಎಂದೆ. ಅಂಗೈ ಕೆಂಪಾಯಿತು.

"ಇದೂ ರಗತ ಏನ್ರಿ?"

ಅವರು ಅಂಗೈಯನ್ನು ಬೆಳಕಿಗೆ ಹಿಡಿದರು. "ನಮ್ಮವ್ವ ಮನ್ಯಾಗ ಕುಂಕುಮ ಹಿಂಗ ಮಾಡ್ತಿದ್ಲು," ಎಂದರು. ಆಮೇಲೆ ನನ್ನನ್ನು ಗದರಿದರು, "ಮೊದಲ ಹೇಳಾಕ ಏನಾಗಿತ್ತ ನಿನಗ?"

ಚಕ್ರದಡಿಯ ಲಿಂಬೆಹಣ್ಣನ್ನೇ ಹೆಚ್ಚಿ ಬಾನೆಟ್ಟಿನ ಕೆಂಪಿನ ಮೇಲೆ ಹಿಂಡಿದೆ. ಕೆಂಪು ಮತ್ತೆ ಹಳದಿಗೆ ತಿರುಗಿತು.

"ಗಾಡಿ ಇನ್ನ ಹೊಂಟಿಲ್ಲ, ಲಿಂಬಿಹಣ್ಣ ಆಗಲೇ ಕೆಲಸ ಮಾಡಾಕತ್ತೈತಿ," ಎಂದ ಚಹಾ ಹಿಡಿದು ಬಂದ ಮುನಾಫ.

ನೀರಲ್ಲಿ ಒರೆಸಿ, ಸ್ಪಿರಿಟ್ಟಿನ ಬಟ್ಟೆ ಒತ್ತಿ ಒತ್ತಿ ತೆಗೆದೆ. ಉಜ್ಜುವಂತಿರಲಿಲ್ಲ, ಉಜ್ಜಿದ ಜಾಗ ಹೊಳೆಯತೊಡಗಿದರೆ ಆ ಹೊಳಪನ್ನು ತೆಗೆಯಲು ಯಾವ ಉಪಾಯವೂ ಇಲ್ಲ. ಆದರೂ ಫಿಲ್ಮಿನೊಳಗೆ ಇಳಿದ ತೆಳು ಹಳದಿ ಉಳಿಯಿತು. ಬದಲಿಸಲು ಬಾನೆಟ್ಟಿನಷ್ಟು ಫಿಲ್ಮ್ ಉಳಿದಿರಲಿಲ್ಲ. ಇದ್ದದ್ದು ಬಿಸಿಲು ಮಾತ್ರ. ಅರಿಷಿಣದ ಬಣ್ಣ ಬಿಸಿಲಿಗೆ ತಾಳುವುದಿಲ್ಲ. ಕಾರನ್ನು ಹೊರಗೆ ತಳ್ಳಿದೆವು.

ಬಣ್ಣ ನಿಜವಾಗಿ ಇಳಿಯುತ್ತಿದೆಯೋ, ನನ್ನ ಕಣ್ಣೇ ಮೋಸಹೋಗುತ್ತಿದೆಯೋ ಗೊತ್ತಾಗಬೇಕಲ್ಲ. ಕಲೆಯ ಒಂದು ಮೂಲೆಗೆ ಬೆರಳುಗುರಿನಷ್ಟು ಕಪ್ಪು ಕಾಗದ ಅಂಟಿಸಿದೆ, ಹೋಲಿಸಿ ನೋಡಲು. ಅರ್ಧ ಗಂಟೆಗೊಮ್ಮೆ ಕಾರಿನ ಮೂತಿಯನ್ನು ಬಿಸಿಲಿಗೆ ತಿರುಗಿಸಿದೆವು. ನಾನು ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡುತ್ತಿದ್ದೆ. ಸುಶೀಲವ್ವ ಬೇವಿನ ನೆರಳಲ್ಲಿ ಎಲೆ ಮೆಲ್ಲುತ್ತ, "ನೀ ಹಿಂಗ ನೋಡಿದ್ರ ಅದು ಇಳಿಯಾಕ ಹೆದರ್ತೈತಿ, ಕುಂದ್ರ ಬಾ," ಎಂದರು.

ನಾಲ್ಕೂವರೆಗೆ ಬಾನೆಟ್ಟು ಬೆಳ್ಳಗಿತ್ತು. ಕಾಗದ ಕಿತ್ತೆ. ಕೆಳಗೆ ಅಚ್ಚುಕಟ್ಟಾದ ಚೌಕ, ಬೆಳಗಿನಷ್ಟೇ ಹಳದಿ. ನನ್ನ ಲೆಕ್ಕ ಸರಿಯಾಗಿತ್ತು. ಅದನ್ನು ಸರಿಯೆಂದು ತೋರಿಸಲು ಕಲೆಯನ್ನು ನಾನೇ ಕಾಯ್ದಿಟ್ಟಿದ್ದೆ.

ಪರಮೇಶಪ್ಪ ಐದಕ್ಕೆ ಸರಿಯಾಗಿ ಬಂದರು. ಒಂದು ಸುತ್ತು ಹಾಕಿ, ಚೌಕದ ಮೇಲೆ ಬೆರಳಿಟ್ಟರು. "ಇದೇನ, ತಂಗಿ?"

"ಅದು ನನ್ನ..." ಎಂದು ಸುಶೀಲವ್ವ ಏಳತೊಡಗಿದರು.

"ಅರಿಷಿಣ ಅಜ್ಜಿದು, ಸಾವ್ಕಾರ್ರ. ಆ ಚೌಕ ನಂದು," ಎಂದು ನಡೆದದ್ದನ್ನೆಲ್ಲ ಹೇಳಿದೆ.

ಅವರು ನಗಲಿಲ್ಲ. "ನೀ ಹೇಳಿದ್ದನ್ನ ನಾ ಮನ್ಯಾಗ ಹೇಳಬೇಕಿತ್ತು," ಎಂದರು. ಆಮೇಲೆ, "ಬೀಗರು ಕೇಳಿದ್ರ ಏನ್ ಹೇಳ್ಲಿ?"

"ಅರಿಷಿಣ ಅಂತ ಹೇಳಪ್ಪಾ. ಶುಭಕ್ಕ ಹೊಂಟೇವಿ, ಇದ್ದರ ಏನಾತು?" ಎಂದರು ಸುಶೀಲವ್ವ, ಹಿಂದಿನ ಸೀಟಿನಲ್ಲಿ ಆಗಲೇ ಕುಳಿತು.

"ನಾಳೆ ಬಿಸಲಾಗ ನಿಲ್ಲಸ್ರಿ. ತೊಳೀಬ್ಯಾಡ್ರಿ. ಅಜ್ಜಿ, ನಿಮಗೂ ಹೇಳಾಕತ್ತೇನಿ," ಎಂದೆ.

ಕಾರು ಹೊರಟಿತು. ಇಳಿಬಿಸಿಲು ಬಾನೆಟ್ಟಿನ ಮೇಲೇ ಬೀಳುತ್ತಿತ್ತು. ಕತ್ತಲಾಗಲು ಇನ್ನೂ ಒಂದೂವರೆ ಗಂಟೆ ಇತ್ತು. ಅಷ್ಟರಲ್ಲಿ ಆ ಚೌಕ ಎಷ್ಟು ಇಳಿದೀತು ಎಂದು ಲೆಕ್ಕ ಹಾಕುತ್ತ, ಕಾರು ತಿರುವು ದಾಟಿದ ಮೇಲೂ ನಿಂತೇ ಇದ್ದೆ.