ಗಡಿಯಾರಕ್ಕೆ ಅಡ್ಡ ನಿಂತವಳು

ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರೆ ಸಾಕು, ಅವಳು ಅಣ್ಣನ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಎಡಕ್ಕೆ ಬಚ್ಚಲ ನಲ್ಲಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ತಲೆಯ ಮೇಲೆ ಫ್ಯಾನು ಸುತ್ತಿಗೊಂದು ಸಲ ಕಟಕ್ ಎನ್ನುತ್ತಿತ್ತು. ಬಲಕ್ಕೆ, ಕಪಾಟಿನ ಕೆಳಗಿನ ಹಲಗೆಯ ಮೇಲೆ ಕೂತ ಅಪ್ಪನ ಕಾಲದ ಮೇಜುಗಡಿಯಾರ ಯಾರ ಮೇಲೋ ಸಿಟ್ಟು ಮಾಡಿಕೊಂಡ ಹಾಗೆ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಕಂಪ್ಯೂಟರಿನ ಬಾಣದ ಕೀಲಿ ಒತ್ತಿದರೆ ಅವಳ ಹೆಜ್ಜೆ ಮುಂದಕ್ಕೆ ಹೋಗುತ್ತಿತ್ತು. ತಿರುಗಿದರೆ ಇಡೀ ಮನೆಯೇ ಅವಳ ಕಿವಿಯ ಸುತ್ತ ಮೆಲ್ಲಗೆ ತಿರುಗುತ್ತಿತ್ತು.

ಅವಳು ಕೂತಿದ್ದದ್ದು ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಗೋಡೆಗೆಲ್ಲ ಹಳೇ ಕಂಬಳಿ ಹೊಡೆದ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಆ ಕೋಣೆಯಲ್ಲಿ ಗಂಟೆ ಎಷ್ಟೆಂದು ಹೊಟ್ಟೆ ಹೇಳಬೇಕಿತ್ತು. ಎಷ್ಟೋ ಮಧ್ಯಾಹ್ನ ಅವಳಿಗೆ ತಾನು ಎಚ್ಚರವಾಗಿದ್ದೇನೋ ಕನಸಿನಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂಬ ಆಸೆಯೂ ಅವಳಿಗೆ ಇರಲಿಲ್ಲ.

ಅವಳ ಕಸುಬು ಸದ್ದು ಹಿಡಿಯುವುದು. ಅವಳಿದ್ದ ಕಂಪನಿ ಕಣ್ಣಿಲ್ಲದವರು ಆಡುವ ವಿಡಿಯೋ ಗೇಮ್ ಮಾಡುತ್ತಿತ್ತು. ಪರದೆ ಪೂರ್ತಿ ಕಪ್ಪು, ಆಟವೆಲ್ಲ ಕಿವಿಯಲ್ಲಿ. ಕಂಪನಿ ಎಂದರೆ ಭಾರೀ ಕಟ್ಟಡ ಎಂದುಕೊಳ್ಳಬೇಡಿ. ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ಮೂರು ಜನ. ಯಜಮಾನರು ಒಬ್ಬರು. ಪ್ರೋಗ್ರಾಂ ಬರೆಯುವವನು ಒಬ್ಬ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಅದಕ್ಕೇ ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಸದ್ದಿನ ಕಂಪನಿಯಲ್ಲಿ ಹೀಗೊಬ್ಬನಿದ್ದರೆ ಒಳ್ಳೆಯದೇ. ಮೂರನೆಯವಳು ಇವಳು.

ಈ ಸಲದ ಆಟ ಅವಳದೇ ಯೋಚನೆ. ಕಣ್ಣಾಮುಚ್ಚಾಲೆ. ಒಂದು ಮನೆ, ಆ ಮನೆಯೊಳಗೆ ಕಿಲಕಿಲ ನಕ್ಕು ಓಡಿ ಅಡಗುವ ಒಂದು ಹುಡುಗಿ. ಆಡುವವರು ಕಿವಿಯ ದಾರಿ ಹಿಡಿದು ಹೋಗಿ ಅವಳನ್ನು ಹಿಡಿಯಬೇಕು. ಯಜಮಾನರಿಗೆ ಅವಳು ಹೇಳಿದ್ದು ಇಷ್ಟೇ. ಹೇಳದೇ ಉಳಿದದ್ದು ಬೇರೆ ಇತ್ತು, ಅದು ಮೂವತ್ತು ವರ್ಷದಿಂದ ಅವಳ ಹೊಟ್ಟೆಯೊಳಗೇ ಕೂತಿತ್ತು.

ಅಣ್ಣನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಅವನಿಗೆ ಹನ್ನೊಂದು, ಇವಳಿಗೆ ಎಂಟು ವರ್ಷವಾಗಿದ್ದಾಗ ಅಮ್ಮ ಕಾರ್ಖಾನೆಗೆ ಹೋದ ಮೇಲೆ ಇದೇ ಮನೆಯಲ್ಲಿ ಇಬ್ಬರಿಗೂ ಇದ್ದದ್ದು ಇದೊಂದೇ ಆಟ. ಅಣ್ಣನನ್ನು ಒಬ್ಬನೇ ಬಿಟ್ಟು ಹೊಸ್ತಿಲು ದಾಟಕೂಡದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಇವಳು ಪಿಟ್ಟೆನ್ನದೆ ಅಡಗುವುದರಲ್ಲಿ ಎಷ್ಟು ಗಟ್ಟಿಗಿತ್ತಿ ಎಂದರೆ, ಅಣ್ಣ ಇವಳನ್ನು ಇಲಿಮರಿ ಎಂದೇ ಕರೆಯುತ್ತಿದ್ದ. ಒಂದು ದಿನ ಬೀದಿಯ ಗೆಳತಿಯೊಬ್ಬಳು ಹೊಸ ಸೈಕಲ್ ಬಂದಿದೆ ಎಂದು ಹಿತ್ತಲ ಬಾಗಿಲಲ್ಲಿ ಸನ್ನೆ ಮಾಡಿದಳು. ಅಣ್ಣ ಒಳಗೆ ಗೋಡೆಗೆ ಮುಖಮಾಡಿ ನೂರು ಎಣಿಸುತ್ತಿದ್ದ. ಇವಳು ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಜಾರಿಕೊಂಡಳು. ಒಂದು ಸುತ್ತು ಎಂದು ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದಳು.

ಬಂದಾಗ ಅಮ್ಮ ಅಡುಗೆಮನೆಯಲ್ಲಿದ್ದಳು. ಅಣ್ಣ ಇನ್ನೂ ಕೋಣೆಯಿಂದ ಕೋಣೆಗೆ ಹೋಗುತ್ತ, "ಇಲಿಮರಿ, ಎಲ್ಲಿದ್ದೀಯೇ? ಬಚ್ಚಲಲ್ಲಿ ಇಲ್ಲ, ಬಾಗಿಲ ಹಿಂದೆ ಇಲ್ಲ," ಎಂದು ಕೂಗುತ್ತಿದ್ದ. ಇವಳು ಬೆಕ್ಕಿನ ಹೆಜ್ಜೆ ಇಟ್ಟು ಟ್ರಂಕಿಗೂ ಕಪಾಟಿಗೂ ನಡುವಿನ ಸಂದಿಯಲ್ಲಿ ತೂರಿ, ಗಡಿಯಾರಕ್ಕೆ ಬೆನ್ನು ಕೊಟ್ಟು ಕೂತಳು. ಅಣ್ಣನ ಕೂಗು ತಟ್ಟನೆ ನಿಂತಿತು. ನೆಟ್ಟಗೆ ಬಂದವನೇ ಅವಳ ನೆತ್ತಿಯ ಮೇಲೆ ಕೈಯಿಟ್ಟು, "ಅಮ್ಮಾ, ಸಿಕ್ಕಿದ್ಲು!" ಎಂದ. ಆಮೇಲೆ ಅವನು ಅವಳ ಜೊತೆ ಯಾವ ಆಟವನ್ನೂ ಆಡಲಿಲ್ಲ. ಯಾಕೆಂದು ಅವಳು ಕೇಳಲೂ ಇಲ್ಲ. ಖಾಲಿ ಮನೆಯಲ್ಲಿ ತನ್ನನ್ನು ಹುಡುಕುತ್ತಲೇ ಇದ್ದ ಆ ಹುಡುಗನ ದನಿ ಮಾತ್ರ ಅವಳ ಕಿವಿ ಬಿಟ್ಟು ಹೋಗಲಿಲ್ಲ. ಅಣ್ಣ ಈ ಆಟ ಆಡಬೇಕು, ಈ ಸಲ ಹುಡುಗಿ ಮನೆಯೊಳಗೇ ಇರಬೇಕು, ಅವನ ಕೈಗೆ ಸಿಗಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಆಟ ಸಿದ್ಧವಾದಾಗ ಆರು ಜನ ಆಟಗಾರರನ್ನು ಕರೆಸಿದರು. ಆರು ಜನರಿಗೂ ಕಣ್ಣಿರಲಿಲ್ಲ, ಆರು ಜನರ ಬೆರಳೂ ಕೀಲಿಮಣೆಯ ಮೇಲೆ ಕುಣಿಯುತ್ತಿದ್ದವು. ಹುಡುಗಿ ಓಡುವಾಗ ಅವಳ ಹಿಂದೆ ಸರಿಯಾಗಿ ಹೋದರು. ಅವಳು ಅಡಗಿ ಉಸಿರು ಬಿಗಿಹಿಡಿದ ಕೂಡಲೇ ಎಲ್ಲರೂ ದಿಕ್ಕು ತಪ್ಪಿದರು. ಗೋಡೆಗೆ ಹಾಯ್ದರು, ಬಚ್ಚಲಿಗೆ ನುಗ್ಗಿದರು, ಒಬ್ಬ ಅದೃಷ್ಟಕ್ಕೆ ಅವಳಿಗೆ ಡಿಕ್ಕಿ ಹೊಡೆದು ಗೆದ್ದ. ಕೊನೆಗೆ ಕಾಲೇಜು ಹುಡುಗಿಯೊಬ್ಬಳು ಹೆಡ್‌ಫೋನ್ ತೆಗೆದಿಟ್ಟಳು.

"ಮನೆ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಮನೇಲಿ ಯಾರೂ ಇಲ್ಲ."

ಇವಳಿಗೆ ಯಾರೋ ಮೂವತ್ತು ವರ್ಷದ ಹಿಂದಿನ ಹಿತ್ತಲ ಬಾಗಿಲನ್ನು ತೆರೆದು ನೋಡಿದಂತಾಯಿತು.

ಯಜಮಾನರ ಹತ್ತಿರ ಮದ್ದು ತಯಾರಿತ್ತು. "ಆ ಹುಡುಗಿಗೆ ಒಂದು ಟಿಂಗ್ ಹಾಕ್ಬಿಡಿ. ಅಡಗಿದ ಕಡೆಯಿಂದ ಟಿಂಗ್ ಟಿಂಗ್ ಅಂತಿರ್ಲಿ."

"ಸಾರ್, ಟಿಂಗ್ ಅಂತ ಯಾರಾದ್ರೂ ಅಡಗ್ತಾರಾ? ಕರುವಿಗೆ ಗಂಟೆ ಕಟ್ಟಿದ ಹಾಗಾಯ್ತು. ಹುಡುಕೋದೇ ಬೇಡ್ವಲ್ಲ ಆಮೇಲೆ."

"ಹುಡುಕಕ್ಕೇ ಆಗದಿದ್ರೆ ಆಡೋದ್ಯಾರು? ಶುಕ್ರವಾರ ಸಂಜೆ ಆಟ ಹೊರಗೆ ಹೋಗ್ಬೇಕು. ಅಷ್ಟರೊಳಗೆ ಬೇರೆ ದಾರಿ ಸಿಕ್ರೆ ಸರಿ. ಇಲ್ಲಾಂದ್ರೆ ಟಿಂಗ್."

ಬುಧವಾರ ಅಣ್ಣನ ಪ್ರೆಸ್ಸಿಗೆ ಅರ್ಧ ದಿನ ರಜೆ. ಬ್ರೈಲ್ ಪುಸ್ತಕ ಅಚ್ಚಾಗುವ ಪ್ರೆಸ್ಸಿನಲ್ಲಿ ಬೆರಳಿನಿಂದ ಕರಡು ತಿದ್ದುವುದು ಅವನ ಕೆಲಸ. ಉಬ್ಬು ಚುಕ್ಕಿ ಒಂದು ಚಪ್ಪಟೆಯಾಗಿದ್ದರೂ ಅವನ ಬೆರಳಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದಾಗ ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. ಅಣ್ಣ ಬೆರಳುಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿಕೊಂಡು ಕೂತಿದ್ದ.

"ಓದೀ ಓದೀ ಕಣ್ಣುನೋವು," ಎಂದ, ಅವಳ ಹೆಜ್ಜೆ ಕೇಳಿ, ಹತ್ತು ಬೆರಳನ್ನೂ ಮೇಲೆತ್ತಿ.

"ಅಣ್ಣ, ಒಂದು ಆಟ ಇದೆ. ಆಡ್ತೀಯಾ?"

"ಆಟಗೀಟ ನಂಗ್ಯಾಕೆ? ಬಿಟ್ಟು ಮೂವತ್ತು ವರ್ಷ ಆಯ್ತು."

ಅವಳು ಯಾವ ಹೊಸ ಆಟ ತಂದರೂ ಅದೇ ಮಾತು, ಅದೇ ನಗು. "ಆಡ್ಬೇಡ ಬಿಡು. ಬರೀ ಕೇಳು," ಎಂದು ಹೆಡ್‌ಫೋನನ್ನು ಅವನ ಕಿವಿಗೇರಿಸಿದಳು.

ಅವನು ಮೈಯೆಲ್ಲ ಕಿವಿಯಾಗಿ ಕೇಳಿದ. "ಅರೆ, ನಮ್ಮನೆ! ನಲ್ಲಿ ಸರಿಯಾಗಿದೆ. ಫ್ಯಾನ್ ಸರಿ. ಅಪ್ಪನ ಗಡಿಯಾರ, ಭೇಷ್." ಅವಳು ಅವನ ಪರವಾಗಿ ಕೀಲಿ ಒತ್ತುತ್ತ ನಡುಮನೆಯ ಮಧ್ಯಕ್ಕೆ ಕರೆದುಕೊಂಡು ಹೋದಳು. ಹುಡುಗಿ ನಕ್ಕು, ಓಡಿ, ಅಡಗಿದಳು.

"ಈಗ ಅವಳು ಗಡಿಯಾರದ ಹತ್ರ ಇದಾಳೆ. ಟ್ರಂಕಿನ ಸಂದೀಲಿ."

"ಇಲ್ಲ," ಎಂದ ಅಣ್ಣ. "ಅಲ್ಲಿ ಯಾರೂ ಇಲ್ಲ."

"ಇದಾಳೆ ಕಣೋ! ನಾನೇ ಇಟ್ಟಿದೀನಿ. ಉಸಿರು ಬಿಗಿ ಹಿಡಿದಿದಾಳೆ, ಅಷ್ಟೇ."

ಅಣ್ಣ ಹೆಡ್‌ಫೋನ್ ತೆಗೆದ. "ಈ ಮನೆ ಸದ್ದು ಹಿಡಿಯೋವಾಗ ಒಳಗೆ ಯಾರ್ಯಾರು ಇದ್ರಿ?"

"ಯಾರೂ ಇರ್ಲಿಲ್ಲ. ನಿಮ್ಮಿಬ್ಬರನ್ನೂ ಹೊರಗೆ ಕಳಿಸಿದ್ನಲ್ಲ. ಮೈಕ್ ಇಟ್ಟು ನಾನೂ ಹೊರಗೆ ಹೋಗಿದ್ದೆ. ಇಲ್ಲಾಂದ್ರೆ ನಮ್ಮ ಉಸಿರು, ಬಟ್ಟೆ ಸರಪರ ಎಲ್ಲಾ ಸೇರ್ಕೊಂಡು ಕೆಡುತ್ತೆ. ಹುಡುಗಿ ಸದ್ದು ಆಮೇಲೆ ಬೇರೆ ಕೋಣೇಲಿ ಹಿಡಿದು ಸೇರಿಸಿದ್ದು."

ಅವಳ ಕಸುಬಿನವರೆಲ್ಲ ಹೀಗೇ ಮಾಡುತ್ತಾರೆ, ಮಾಡಿ ಜಂಭವನ್ನೂ ಪಡುತ್ತಾರೆ. ಅಣ್ಣ ಮಾತ್ರ ತಲೆ ಚಚ್ಚಿಕೊಂಡ. "ಕಣ್ಣು ಮುಚ್ಕೊಂಡು ಇಲ್ಲೇ ನಿಂತ್ಕೋ. ನಿಜವಾಗ್ಲೂ ಮುಚ್ಬೇಕು, ಮೋಸ ಮಾಡ್ಬೇಡ. ಲೇ, ನೀನು ಸ್ವಲ್ಪ ಫ್ಯಾನ್ ಆರಿಸು."

ಅತ್ತಿಗೆ ಫ್ಯಾನ್ ಆರಿಸಿದಳು. ಇವಳು ಕಣ್ಣು ಮುಚ್ಚಿ ನಿಂತಳು. ಬಿಸಿಲು ಕಿಟಕಿಯಿಂದ ಬಂದು ರೆಪ್ಪೆಯ ಮೇಲೆ ಕೂತಿತ್ತು. ಕಪಾಟಿನ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು, ಹೊಳಪಾಗಿ, ಚೂಪಾಗಿ. ಹಾಗೇ ಎಷ್ಟು ಹೊತ್ತು ಕಳೆಯಿತೋ, ಸದ್ದಿನ ಮೇಲೆ ಯಾರೋ ಮೆಲ್ಲನೆ ಬಟ್ಟೆ ಮುಚ್ಚಿದಂತಾಯಿತು. ಗಡಿಯಾರ ನಿಂತಿರಲಿಲ್ಲ. ಅದರ ಚೂಪು ಮಾತ್ರ ಹೋಗಿತ್ತು. ಕತ್ತಲೆಯಲ್ಲಿ, ಸದ್ದು ಇರಬೇಕಾದ ಜಾಗದಲ್ಲಿ, ಮನುಷ್ಯನ ಅಳತೆಯ ಒಂದು ಮೆತ್ತನೆಯ ತೂತು ನಿಂತಿತ್ತು. ಅವಳು ಕೈ ಚಾಚಿದಳು. ಅಣ್ಣನ ಅಂಗಿ ಸಿಕ್ಕಿತು.

"ಗಡಿಯಾರಕ್ಕೆ ಅಡ್ಡ ನಿಂತಿದೀನಿ, ಅಷ್ಟೇ," ಎಂದ ಅಣ್ಣ. "ಉಸಿರು ಬಿಗಿ ಹಿಡೀಬಹುದು. ಮೈ ಎಲ್ಲಿ ಬಚ್ಚಿಡ್ತೀಯ? ಮನೇಲಿ ಯಾರಾದ್ರೂ ಇದ್ರೆ ಯಾವುದೋ ಒಂದು ಸದ್ದಿಗೆ ಅಡ್ಡ ಇದ್ದೇ ಇರ್ತಾರೆ."

ಅವಳು ಕಣ್ಣು ತೆರೆಯಲಿಲ್ಲ. ಒಂದು ಯೋಚನೆ ಬೆನ್ನಿನ ಮೇಲೆ ತಣ್ಣಗೆ ಇಳಿಯುತ್ತಿತ್ತು. "ಹಾಗಾದ್ರೆ ಚಿಕ್ಕೋರಿದ್ದಾಗ... ನಾನು ಎಲ್ಲಿದೀನಿ ಅಂತ ನಿಂಗೆ..."

"ಯಾವಾಗ್ಲೂ ಗೊತ್ತಿತ್ತು. ಬಾಗಿಲ ಹಿಂದೆ ನಿಂತ್ರೆ ನಲ್ಲಿ ಮಂಕಾಗೋದು. ಮಂಚದ ಕೆಳಗೆ ಹೋದ್ರೆ ಹೊರಗಿನ ಬೀದಿ ಮಂಕಾಗೋದು. ಕೂಡಲೇ ಹಿಡಿದ್ರೆ ನೀನು ಸೂರು ಕಿತ್ತುಹೋಗೋ ಹಾಗೆ ಅಳ್ತಿದ್ದೆ. ಅದಕ್ಕೇ ಇನ್ನೆರಡು ಸುತ್ತು ಹಾಕಿ ಬರ್ತಿದ್ದೆ." ಅಣ್ಣ ನಕ್ಕ. "ಮಹಾ ಇಲಿಮರಿ!"

ಅವಳು ನಗಲಿಲ್ಲ. "ಆ ಸೈಕಲ್ ದಿನ?"

"ನೂರು ಎಣಿಸಿ ತಿರುಗಿದೆ. ಎಲ್ಲಾ ಸದ್ದೂ ಪೂರ್ತಿ ಇತ್ತು. ನಲ್ಲಿ ಪೂರ್ತಿ, ಗಡಿಯಾರ ಪೂರ್ತಿ, ಬೀದಿ ಪೂರ್ತಿ. ಒಂದು ಕಡೇನೂ ತೂತಿಲ್ಲ. ಆಗಲೇ ಗೊತ್ತಾಯ್ತು, ನೀನು ಮನೇಲಿಲ್ಲ ಅಂತ."

"ಮತ್ತೆ ಅಷ್ಟು ಹೊತ್ತು ಯಾಕೆ ಕೂಗ್ತಾ ಇದ್ದೆ?"

"ಅಮ್ಮ ಬಂದಿದ್ಲಲ್ಲ. ನಾನು ಕೂಗೋದು ನಿಲ್ಸಿದ್ರೆ ನೀನೆಲ್ಲಿ ಅಂತ ಕೇಳ್ತಿದ್ಲು. ಕೂಗ್ತಾ ಇದ್ರೆ ನೀನು ಎಲ್ಲೋ ಅಡಗಿದೀಯ ಅಂತ ಅರ್ಥ." ಅವನ ಒದ್ದೆ ಬೆರಳು ಅವಳ ಮಣಿಕಟ್ಟು ಹಿಡಿದವು. "ತುಂಬಾ ಹೆದರಿದ್ದೆ ಕಣೆ. ಬೀದೀಲಿ ಏನಾಯ್ತೋ, ಇನ್ನು ಬರ್ತೀಯೋ ಇಲ್ವೋ ಅಂತ. ಆಮೇಲೆ ಗಡಿಯಾರ ಮಂಕಾಯ್ತು. ಆ ಸಂತೋಷ ಇದೆಯಲ್ಲ, ಅದನ್ನ ಹೇಳಕ್ಕಾಗಲ್ಲ."

"ಮತ್ತೆ ಆಟ ಯಾಕೆ ಬಿಟ್ಟೆ? ನನ್ನ ಮೇಲೆ ಕೋಪ ಅಂತ..."

"ಕೋಪ ಯಾರಿಗೆ? ಆಟ ಇದ್ರೆ ತಾನೇ ನೀನು ಅಡಗೋದು. ಅಡಗಿದ್ರೆ ತಾನೇ ಜಾರ್ಕೊಂಡು ಹೋಗೋದು. ಮತ್ತೊಂದ್ಸಲ ಆ ಪೂರ್ತಿ ಸದ್ದು ಕೇಳಕ್ಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಅವಳು ಅಲ್ಲೇ ನಡುಮನೆಯಲ್ಲಿ, ನಲವತ್ತರ ಹತ್ತಿರದ ಹೆಂಗಸು, ಅಣ್ಣನ ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆ ಸುಮ್ಮನೆ ಒಂದು ಮಡಚಿದ ಟವೆಲ್ ತಂದು ಕೈಗಿಟ್ಟು, ಮತ್ತೆ ಫ್ಯಾನ್ ಹಾಕಿದಳು.

ಮರುದಿನ ಆಫೀಸಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು, ಸೈಕಲ್ಲಿನ ಮಾತೊಂದನ್ನು ಬಿಟ್ಟು. ಮೌನಿ ಗಡ್ಡ ಕೆರೆದುಕೊಂಡ. "ಅಂದ್ರೆ ಆ ಹುಡುಗಿಗೆ ಬೇಕಿರೋದು ಸದ್ದಲ್ಲ. ಮೈ," ಎಂದ. ಆ ದಿನದ ಅವನ ಮಾತು ಅಲ್ಲಿಗೆ ಮುಗಿಯಿತು, ಕೆಲಸ ಶುರುವಾಯಿತು. ಹುಡುಗಿ ನಿಂತ ಕಡೆ ಹಿಂದಿನ ಸದ್ದು ಎಷ್ಟು ಮಂಕಾಗಬೇಕು, ಕೂತರೆ ಎಷ್ಟು, ಬಾಗಿದರೆ ಎಷ್ಟು. ಅವಳು ತನ್ನ ಕೋಣೆಯಲ್ಲಿ ಗಡಿಯಾರವೊಂದನ್ನು ಇಟ್ಟು, ಯಜಮಾನರನ್ನೇ ಅದಕ್ಕೆ ಅಡ್ಡ ನಿಲ್ಲಿಸಿ, ಕೂರಿಸಿ, ಬಗ್ಗಿಸಿ ಸದ್ದು ಹಿಡಿದಳು. ಬೊಜ್ಜಿನ ಯಜಮಾನರು ಉಸ್ಸಪ್ಪಾ ಎಂದರೆ ಇನ್ನೊಮ್ಮೆ ಮಾಡಿಸಿದಳು. ಟಿಂಗ್ ಅಂದದ್ದಕ್ಕೆ ಅಷ್ಟಾದರೂ ಆಗಬೇಡವೇ?

ಶುಕ್ರವಾರ ಮಧ್ಯಾಹ್ನ ಅಣ್ಣ ಅತ್ತಿಗೆಯ ತೋಳು ಹಿಡಿದು ಮಹಡಿ ಹತ್ತಿ ಬಂದ. "ಒಂದೇ ಸಲ," ಎಂದು ಕರಾರು ಮಾಡಿ ಕಂಬಳಿಯ ಕೋಣೆಯಲ್ಲಿ ಕೂತ. ಪಕ್ಕದಲ್ಲಿ ಮೌನಿಯ ಪರೀಕ್ಷೆಯ ಪರದೆ ಇತ್ತು. ಆಟಗಾರರಿಗೆ ಇಲ್ಲದ ನಕ್ಷೆ ಅದರಲ್ಲಿತ್ತು. ಹುಡುಗಿಗೆ ಒಂದು ಬಿಳಿ ಚುಕ್ಕಿ, ಅಣ್ಣನಿಗೆ ಒಂದು. ಎಲ್ಲರೂ ಅದರ ಮೇಲೆ ಬಗ್ಗಿದರು.

ಹುಡುಗಿ ನಕ್ಕಳು, ಓಡಿದಳು, ಟ್ರಂಕಿನ ಸಂದಿಯಲ್ಲಿ ಗಡಿಯಾರಕ್ಕೆ ಬೆನ್ನು ಕೊಟ್ಟು ಕೂತಳು. ಅಣ್ಣನ ಚುಕ್ಕಿ ನಡುಮನೆಗೆ ಬಂತು. ಗಡಿಯಾರದ ಕಡೆ ತಿರುಗಿತು. ನಿಂತಿತು. ಹಿಡಿಯುವ ಕೀಲಿಯ ಮೇಲೆ ಅವನ ಬೆರಳಿತ್ತು. ಪರದೆಯ ಮುಂದೆ ಇವಳೂ ಉಸಿರು ಬಿಗಿಹಿಡಿದಳು.

ಚುಕ್ಕಿ ಹೊರಳಿ ಬಚ್ಚಲಿನ ಕಡೆ ನಡೆಯಿತು.

"ಅಯ್ಯೋ, ಪಕ್ಕದಲ್ಲೇ ಹಾದು ಹೋದ್ರಲ್ರೀ," ಎಂದು ಯಜಮಾನರು ಪಿಸುಗುಟ್ಟಿದರು. "ಗೊತ್ತಾಗ್ಲಿಲ್ಲ. ಟಿಂಗೇ ಗತಿ."

ಅವಳಿಗೆ ಅಳು ಉಕ್ಕಿ ಬಂತು. ಬಗ್ಗಿ ಅಣ್ಣನ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು. "ಅಣ್ಣ, ಅವಳೆಲ್ಲಿದಾಳೆ ಗೊತ್ತಾಗ್ಲಿಲ್ವಾ?"

"ಗಡಿಯಾರದ ಹತ್ರ. ಆಗಲೇ ಗೊತ್ತಾಯ್ತು."

"ಮತ್ತೆ ಹಿಡಿ!"

"ಶ್, ತಡಿಯೇ," ಎಂದ ಅಣ್ಣ, ಹೆಡ್‌ಫೋನನ್ನು ಕಿವಿಗೆ ಎಳೆದುಕೊಳ್ಳುತ್ತ. "ಪಾಪ, ಈಗಷ್ಟೇ ಅಡಗಿದಾಳೆ. ಇನ್ನೆರಡು ಸುತ್ತು ಹಾಕಿ ಬರ್ತೀನಿ."